ಏಳನೆಯ ನೀರು

ನಮ್ಮ ಮೇಡಂ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಕೇಳಿದಾಗ, ಅದಕ್ಕೇನಂತೆ ಎಂದು ಒಪ್ಪಿಕೊಂಡುಬಿಟ್ಟೆ. ಪೆನ್ನು ಹಿಡಿದು ಕೂತ ಮೇಲೆ ಗೊತ್ತಾಯಿತು, ಅವರು ನನಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಶಿಸ್ತಿನ ಅಧ್ಯಾಪಕಿ ಎಂದು ಬರೆದು ಹೊಡೆದುಹಾಕಿದೆ. ಸಾಧು ಸ್ವಭಾವದವರು ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ಸತ್ಯವಂತರು ಎಂಬ ಮಾತು ಪೆನ್ನಿನ ತುದಿಗೆ ಬಂತು, ಅಲ್ಲಿ ಕೈ ನಿಂತೇಹೋಯಿತು. ಕೊನೆಗೆ ಹುಟ್ಟಿದ ಊರು, ಕೆಲಸಕ್ಕೆ ಸೇರಿದ್ದು, ನಿವೃತ್ತರಾದದ್ದು ಎಲ್ಲ ಸೇರಿಸಿ ಸಪ್ಪೆಯಾಗಿ ಎರಡು ಪುಟ ಕೊಟ್ಟು ಕೈತೊಳೆದುಕೊಂಡೆ. ಇದು ಬೇರೆ. ಇದನ್ನು ನನ್ನ ತಲೆಯೊಳಗಿನ ಗೋಜಲು ಸ್ವಲ್ಪ ಬಿಡಿಸಿಕೊಳ್ಳಲು ಬರೆಯುತ್ತಿದ್ದೇನೆ. ನಮ್ಮ ಮನೆಯವರು ಓದಿಬಿಟ್ಟಾರು ಎಂಬ ಭಯವಿಲ್ಲ. ಮದುವೆಯಾದಾಗಿನಿಂದ ನಾನು ಬರೆದ ದಿನಸಿ ಚೀಟಿ ಬಿಟ್ಟು ಬೇರೇನನ್ನೂ ಅವರು ಓದಿದವರಲ್ಲ. ಅದನ್ನೂ ಅರ್ಧ ಓದಿ ಅಂಗಡಿಯವನ ಕೈಗೆ ಕೊಡುತ್ತಾರೆ.

ಮೇಡಂ ತುಮಕೂರಿನ ನಮ್ಮ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದರು. ನಾನು ಬಿ.ಎಸ್ಸಿ. ಓದಿದ್ದು ಎಪ್ಪತ್ತರ ದಶಕದ ಕೊನೆಗೆ. ನಾನು ಗುಬ್ಬಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದೆ, ಅವರು ಕುಣಿಗಲ್ಲಿನಿಂದ ಬಸ್ಸಿನಲ್ಲಿ. ಇಬ್ಬರೂ ಸಾಮಾನ್ಯವಾಗಿ ತಡ. ಮೇಡಂ ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಅತ್ತೆಯ ಜೊತೆ ಕುಣಿಗಲ್ಲಿನ ಮನೆಯಲ್ಲೇ ಇದ್ದರು. ತುಮಕೂರಿಗೇ ಬಂದುಬಿಡಬಾರದೇ ಮೇಡಂ, ಓಡಾಟ ತಪ್ಪುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ "ಬರಬೋದು" ಎಂದಿದ್ದರಂತೆ. ಬರಲಿಲ್ಲ. ಅವರ ಎಲ್ಲ ಸೀರೆಗಳ ಸೆರಗಿನಲ್ಲೂ ಆಸಿಡ್ ಬಿದ್ದು ಆದ ತೂತುಗಳಿದ್ದವು. ಪ್ರತಿ ತೂತಿಗೂ ಅದೇ ಬಣ್ಣದ ದಾರದಲ್ಲಿ ನೀಟಾಗಿ ಹೊಲಿಗೆ ಬಿದ್ದಿರುತ್ತಿತ್ತು. ಆ ಹೊಲಿಗೆ ಅತ್ತೆಯದು ಎಂದು ಲ್ಯಾಬಿನ ಹುಡುಗಿಯರಲ್ಲಿ ಒಬ್ಬಳು ಪತ್ತೆ ಮಾಡಿದ್ದಳು.

ಅವರಿಗೆ ನಾವಿಟ್ಟ ಹೆಸರು ಇರಬೋದು ಮೇಡಂ. ಏನು ಕೇಳಿದರೂ ಮೊದಲು ಬಾಯಿಗೆ ಬರುತ್ತಿದ್ದದ್ದು ಆ ಮಾತು. ಮೇಡಂ, ಈ ಉಪ್ಪಿನಲ್ಲಿರೋದು ಸತುವಾ? ಇರಬೋದು. ಮೇಡಂ, ನಾಳೆ ಸ್ಟ್ರೈಕಂತೆ, ಕ್ಲಾಸ್ ಇರಲ್ವಾ? ಇರಬೋದು. ಒಬ್ಬ ತಲೆಹರಟೆ, ಮೇಡಂ ದೇವರು ಇದಾನಾ ಎಂದು ಕೇಳಿದ. ಅದಕ್ಕೂ ಪಿಪೆಟ್ಟಿನಿಂದ ಕಣ್ಣು ತೆಗೆಯದೆ ಅದೇ ಉತ್ತರ. ಒಮ್ಮೆ ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಯಾವುದೋ ಹೊಸ ನಿಯಮ ತಂದು, ಇದು ಸರಿ ತಾನೇ ಎಂದು ಇವರನ್ನು ಕೇಳಿದರಂತೆ. "ಇರಬೋದು ಸಾರ್" ಎಂದರಂತೆ. ಮೇಡಂ ನಮ್ಮ ಕಡೆ ಎಂದು ಪ್ರಿನ್ಸಿಪಾಲರು ಖುಷಿಪಟ್ಟರು, ಮೇಡಂ ನಮ್ಮ ಕಡೆ ಎಂದು ಅವರ ವಿರೋಧಿಗಳೂ ಖುಷಿಪಟ್ಟರು. ಇದನ್ನು ಹೇಳಿ ನಾವು ಎಷ್ಟೋ ಸಲ ನಕ್ಕಿದ್ದೇವೆ.

ಹಾಗೆಂದು ಪೆದ್ದರೇ? ಅದೂ ಹೇಳಲಾರೆ. ಹಾಜರಿ ಕೂಗುವಾಗ ಬಾರದವನ ಪರವಾಗಿ ಬಂದವನು ಪ್ರೆಸೆಂಟ್ ಎನ್ನುತ್ತಿದ್ದ. ಮೇಡಂ ತಲೆಯೆತ್ತಿ ಆ ದನಿ ಬಂದ ಬೆಂಚನ್ನು ಒಂದು ಗಳಿಗೆ ನೋಡುತ್ತಿದ್ದರು. ಆಮೇಲೆ ಹಾಜರಿ ಹಾಕುತ್ತಿದ್ದರು. ಗೊತ್ತಾಗಿ ಬಿಟ್ಟರೋ, ಗೊತ್ತಾಗದೆ ಬಿಟ್ಟರೋ ಎಂದು ಕ್ಯಾಂಟೀನಿನಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತಿತ್ತು. ನಮ್ಮ ಮನೆಯವರು, ಅಂದರೆ ಆಗಿನ್ನೂ ಕೋರದಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಕ್ಲಾಸಿನ ಹುಡುಗ, ಗೊತ್ತಾಗಲ್ಲ ಬಿಡ್ರೋ ಎನ್ನುವ ಪಕ್ಷದವರು. ಅವರ ಹಾಜರಿಯಲ್ಲಿ ಅರ್ಧ ಬೇರೆಯವರ ಗಂಟಲಿನದು.

ಲ್ಯಾಬಿನಲ್ಲಿ ಮಾತ್ರ ಆ ಇರಬೋದು ಒಂದು ಕೆಲಸದ ಹತ್ತಿರ ನಿಂತುಬಿಡುತ್ತಿತ್ತು. ಅದು ತೊಳೆಯುವುದು. ಒಂದು ದ್ರಾವಣಕ್ಕೆ ಇನ್ನೊಂದನ್ನು ಹಾಕಿದಾಗ ತಳಕ್ಕೆ ಕೂರುತ್ತದಲ್ಲ ಬಿಳೀ ಹಿಟ್ಟು, ಅದನ್ನು ಸೋಸುಕಾಗದದಲ್ಲಿ ಹಿಡಿದು ಬಿಸಿನೀರಿನಲ್ಲಿ ತೊಳೆಯಬೇಕು. ಮೇಡಂ ಬಂದು ಕೆಳಗೆ ತೊಟ್ಟಿಕ್ಕುವ ನೀರನ್ನು ಒಂದು ಕೊಳವೆಯಲ್ಲಿ ಹಿಡಿದು, ಸಿಲ್ವರ್ ನೈಟ್ರೇಟಿನ ಒಂದು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಚೂರು ಮಸುಕಾದರೂ ಹಿಟ್ಟಿನಲ್ಲಿ ಕೊಳೆ ಉಳಿದಿದೆ ಎಂದು ಲೆಕ್ಕ. ಆಗ ಹೇಳುತ್ತಿದ್ದರು, "ಇನ್ನೂ ಬರ್ತಿದೆ. ತೊಳಿ." ಬೇಸರವಿಲ್ಲದೆ, ಗದರದೆ. ಹಸಿವಾಗುತ್ತಿದೆ, ರೈಲು ಹೊರಟುಹೋಗುತ್ತದೆ, ಕೈ ನೋಯುತ್ತಿದೆ, ಏನೇ ಹೇಳಿ. "ಇರಬೋದು. ತೊಳಿ." ಆ ಒಂದು ಕಾರಣಕ್ಕೆ ನಾನು ಅವರನ್ನು ಒಂದೊಂದು ದಿನ ಮನಸಾರೆ ಬೈದುಕೊಂಡಿದ್ದೇನೆ. ಈಗ ನಮ್ಮ ಮನೆಯಲ್ಲಿ ಅಕ್ಕಿ ತೊಳೆಯುವಾಗ ನೀರು ತಿಳಿಯಾಗುವವರೆಗೂ ಬಿಡದವಳು ನಾನೇ.

ಈಗ ಕುದುರೆ ಉಪ್ಪಿನ ವಿಷಯ ಹೇಳಬೇಕು. ಹೊಟ್ಟೆ ಕಟ್ಟಿದವರಿಗೆ ಭೇದಿಗೆ ಕೊಡುವ ಉಪ್ಪು ಉಂಟಲ್ಲ, ಅದು. ಪುಸ್ತಕದಲ್ಲಿ ಮೆಗ್ನೀಸಿಯಂ ಸಲ್ಫೇಟು. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆಗಳಿಗೂ ಇದನ್ನೇ ಕುಡಿಸುತ್ತಾರೆ ಎಂದು ಮೇಡಂ ಒಮ್ಮೆ ಹೇಳಿದ್ದೇ ತಡ, ನಮ್ಮ ಬಾಯಲ್ಲಿ ಅದು ಕುದುರೆ ಉಪ್ಪಾಯಿತು. ನೋಡಲು ಒಣಗಿದ ಹರಳು. ಮುಟ್ಟಿದರೆ ಕೈಗೆ ಒದ್ದೆ ಹತ್ತುವುದಿಲ್ಲ. ಆದರೆ ಅದರ ತೂಕದಲ್ಲಿ ಅರ್ಧದಷ್ಟು ನೀರೇ. ಒಂದೊಂದು ಉಪ್ಪಿನ ಅಣುವಿಗೂ ಏಳೇಳು ನೀರಿನ ಅಣು ಅಂಟಿಕೊಂಡು ಹರಳಾಗಿರುತ್ತದೆ. ಆ ಏಳನ್ನು ಕಂಡುಹಿಡಿಯುವುದು ನಮ್ಮ ಪ್ರಯೋಗ.

ಮಜಾ ಏನೆಂದರೆ, ಇದರಲ್ಲಿ ನೀರನ್ನು ಯಾರೂ ಹಿಡಿಯುವುದಿಲ್ಲ. ಉಪ್ಪನ್ನು ತೂಗಿ, ಕರಗಿಸಿ, ಬೇರಿಯಂ ಕ್ಲೋರೈಡು ಹಾಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳಿಯನ್ನು ಸೋಸಿ, ತೊಳೆದು, ಮೂಸೆಯಲ್ಲಿಟ್ಟು ಕೆಂಪಗೆ ಕಾಯಿಸಿ, ಆರಿಸಿ ತೂಗಬೇಕು. ಆ ತೂಕದಿಂದ ನಿಜವಾದ ಉಪ್ಪು ಎಷ್ಟಿತ್ತೆಂದು ಲೆಕ್ಕ ಹಾಕಿ, ಮೊದಲು ತೂಗಿದ್ದರಿಂದ ಕಳೆದರೆ ಮಿಕ್ಕದ್ದು ನೀರು. ಸರಿಯಾಗಿ ತೊಳೆಯದೆ ಬಿಟ್ಟರೆ ಹಿಟ್ಟಿನ ಜೊತೆ ಬೇರೆಯದೂ ಉಳಿದು ತೂಕ ಹೆಚ್ಚುತ್ತದೆ. ತೂಕ ಹೆಚ್ಚಿದರೆ ಲೆಕ್ಕದಲ್ಲಿ ನೀರು ಕಡಿಮೆ ಬರುತ್ತದೆ. ಈ ಒಂದು ಮಾತು ಓದುವವರಿಗೆ ನೆನಪಿರಲಿ, ಯಾಕೆಂದರೆ ನನಗೆ ಇದು ಎಷ್ಟೋ ವರ್ಷ ಮರೆತುಹೋಗಲಿಲ್ಲ.

ಉತ್ತರ ಏಳು ಎಂದು ಲ್ಯಾಬಿನ ಗೋಡೆಗೂ ಗೊತ್ತಿತ್ತು. ಹಾಗಾಗಿ ಹುಡುಗರು ಲೆಕ್ಕವನ್ನು ಕೊನೆಯಿಂದ ಮಾಡುತ್ತಿದ್ದರು. ಏಳು ಬರಬೇಕಾದರೆ ಹಿಟ್ಟು ಎಷ್ಟು ತೂಗಬೇಕು ಎಂದು ಮೊದಲೇ ಹಾಕಿ, ಅದರಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಏರುಪೇರು ಮಾಡಿ ಬರೆದರೆ ಆಯಿತು. ನನಗೆ ಅದು ಬರುತ್ತಿರಲಿಲ್ಲ. ಇದನ್ನು ನನ್ನ ಪ್ರಾಮಾಣಿಕತೆ ಎಂದು ದಯವಿಟ್ಟು ಭಾವಿಸಬೇಡಿ. ಲಾಗರಿತಮ್ ಟೇಬಲ್ ಹಿಡಿದು ಮುಂದಕ್ಕೆ ಲೆಕ್ಕ ಮಾಡುವುದೇ ನನಗೆ ಪರ್ವತ, ಹಿಂದಕ್ಕೆ ಮಾಡುವ ತಾಕತ್ತು ಎಲ್ಲಿಂದ ಬರಬೇಕು?

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಏಪ್ರಿಲ್ ಬಿಸಿಲಿನಲ್ಲಿ ಬಂತು. ನಮ್ಮಪ್ಪ ಗುಬ್ಬಿಯ ಹತ್ತಿರ ರೈಲ್ವೆ ಗೇಟು ಕಾಯುತ್ತಿದ್ದರು. ಆ ಮಳೆಗಾಲಕ್ಕೆ ಮೊದಲು ನಿವೃತ್ತಿ, ನಿವೃತ್ತಿಯಾದರೆ ರೈಲ್ವೆ ಮನೆ ಬಿಡಬೇಕು. ಗುಬ್ಬಿಯ ಒಂದು ಹೈಸ್ಕೂಲಿನವರು, ನಿನ್ನ ಮಗಳು ಪಾಸು ಮಾಡಿದರೆ ಜೂನ್‌ನಿಂದಲೇ ಸೈನ್ಸ್ ಟೀಚರಾಗಿ ಬರಲಿ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದರು. ಪ್ರಾಕ್ಟಿಕಲ್ ಫೇಲಾದರೆ ಪೂರ್ತಿ ಫೇಲು. ಬೆಳಿಗ್ಗೆ ರೈಲಿಗೆ ಹೊರಡುವಾಗ ಅಪ್ಪ ಹಸಿರು ಬಾವುಟ ಕಂಕುಳಲ್ಲಿ ಇಟ್ಟುಕೊಂಡು, "ಗಾಬ್ರಿ ಆಗ್ಬೇಡ ಕಣವ್ವ, ಬಂದದ್ ಬರ್ಲಿ" ಎಂದರು. ಅವರ ಗಾಬರಿ ನನಗಿಂತ ಹೆಚ್ಚಾಗಿತ್ತು.

ಮೇಡಂ ಪುಟ್ಟ ಪುಟ್ಟ ಗಾಜಿನ ಕೊಳವೆಗಳಲ್ಲಿ ಉಪ್ಪು ಹಾಕಿ, ಬೂಚು ಬಿಗಿದು, ತಾವೇ ಎಲ್ಲರ ಟೇಬಲ್ಲಿಗೂ ಇಟ್ಟಿದ್ದರು. ನನ್ನ ಕೊಳವೆಯಲ್ಲಿದ್ದದ್ದು ಹರಳಿನಂತೆ ಕಾಣಲಿಲ್ಲ, ಬೆಳ್ಳಗೆ ಹುಡಿಹುಡಿಯಾಗಿತ್ತು. ಇನ್ನೊಬ್ಬರದ್ದು ಹೇಗಿದೆ ಎಂದು ನೋಡುವಷ್ಟು ಪ್ರಾಣ ನನ್ನಲ್ಲಿರಲಿಲ್ಲ. ತೂಗಿದೆ, ಕರಗಿಸಿದೆ, ಬೆಳ್ಳಗಾಯಿತು, ಸೋಸಿದೆ, ತೊಳೆದೆ. ಸಿಲ್ವರ್ ನೈಟ್ರೇಟು ಹನಿಸಿ ಕಿಟಕಿಗೆ ಹಿಡಿದರೆ ಮಸುಕಿದೆಯೋ, ನನ್ನ ಕಣ್ಣೇ ಮಸುಕೋ ತಿಳಿಯಲಿಲ್ಲ. ಮತ್ತೆ ತೊಳೆದೆ. ಹೊತ್ತು ಮೀರುತ್ತಿತ್ತು. ಇನ್ನು ಸಾಕು ಎಂದು ಮೂಸೆಗೆ ಹಾಕಿದೆ. ಸಂಜೆ ಲೆಕ್ಕ ಮಾಡಿದರೆ ಆರು ಬಂತು. ಇನ್ನೊಮ್ಮೆ ಮಾಡಿದೆ, ಆಗಲೂ ಆರು. ಬೇರೆ ದಾರಿ ಕಾಣದೆ ಆರು ಎಂದೇ ಬರೆದು ಕೊಟ್ಟೆ.

ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು ದಪ್ಪ ಕನ್ನಡಕದವರು. ಉತ್ತರದ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ ಬಂದು ನನ್ನದರ ಹತ್ತಿರ ನಿಂತರು.

"ಇದೇನಮ್ಮ ಇದು, ಆರು?"

"ಹೌದು ಸಾರ್."

"ಪುಸ್ತಕದಲ್ಲಿ ಎಷ್ಟಿದೆ?"

"ಏಳು ಸಾರ್."

"ಹಾಗಾದ್ರೆ ಒಂದು ನೀರು ಎಲ್ಲಿ ಹೋಯ್ತು?"

ಹುಡುಗರು ಕಿಸಕ್ಕೆಂದರು. ನನಗೆ ಕಣ್ಣು ತುಂಬಿ ಬಂತು, ಹಾಳೆಯೂ ಕಾಣದು, ಪರೀಕ್ಷಕರೂ ಕಾಣರು. ಅವರು ಕೆಂಪು ಪೆನ್ನಿನ ಮುಚ್ಚಳ ತೆಗೆದದ್ದು ಮಾತ್ರ ಕೇಳಿಸಿತು. ಆಗ ಮೇಡಂ ಮೇಜಿನ ಆಚೆಯಿಂದ ಮಾತಾಡಿದರು.

"ಸಾರ್, ಕಾಲೇಜಿಗೆ ಸ್ಟಾಕ್ ಬಂದಿರ್ಲಿಲ್ಲ. ಕುಣಿಗಲ್ ಮೆಡಿಕಲ್ ಸ್ಟೋರಲ್ಲಿ ಉಪ್ಪು ತಗೊಂಡು, ಮನೇಲೇ ಕರಗಿಸಿ ಹೊಸ ಹರಳು ಕಟ್ಸಿದ್ದೆ. ನೆರಳಲ್ಲಿ ಆರೋದಕ್ಕೆ ಹರಡಿದ್ದೆ. ನಮ್ಮತ್ತೆ ಅದನ್ನ ಒಯ್ದು ಬಿಸಿಲಿಗೆ ಹಾಕ್ಬಿಟ್ಟಿದಾರೆ. ಒಂದು ನೀರು ಅಲ್ಲಿ ಹೋಗಿದೆ."

ಪರೀಕ್ಷಕರು ಅವರನ್ನು ನೋಡಿದರು. ಬಿರುಬಿಸಿಲಿನಲ್ಲಿ ಆ ಉಪ್ಪು ಏಳರಲ್ಲಿ ಒಂದು ನೀರನ್ನು ಬಿಟ್ಟುಕೊಡುತ್ತದೆಂದು ಕೆಮಿಸ್ಟ್ರಿ ಓದಿದವರಿಗೆ ಗೊತ್ತು, ಅವರಿಗೂ ಗೊತ್ತಿತ್ತು. ನಗುವುದಕ್ಕೆ ಬಾಯಿ ತೆರೆದವರು ಅಲ್ಲೇ ತಡೆದು, ಉಳಿದ ಹಾಳೆಗಳನ್ನು ಬೆರಳಲ್ಲಿ ತಟ್ಟಿ ಕೇಳಿದರು, "ಹಾಗಾದ್ರೆ ಇವರಿಗೆಲ್ಲ ಏಳು ಹೇಗೆ ಬಂತು ಮೇಡಂ?"

ಕಿಸಕ್ಕೆಂದ ಹುಡುಗರೆಲ್ಲ ನೆಲ ನೋಡುತ್ತಿದ್ದರು. ಈ ಪ್ರಶ್ನೆಗಾದರೂ ಮೇಡಂ ಬಾಯಿಂದ ಅವರ ಮಾಮೂಲು ಮಾತು ಬರುತ್ತದೆಂದು ನಾನು ಕಾದೆ. ಬರಲಿಲ್ಲ.

"ಅರ್ಧ ಒಣಗಿಸಿದ್ರು ಸಾರ್," ಎಂದರು. "ಮೊರದಲ್ಲಿ ಹಿಡಿಸಿದಷ್ಟು. ಒಣಗಿದ್ದು ಬೇರೆ ಬಾಟ್ಲಿಗೆ ಹಾಕಿಟ್ಟಿದ್ದೆ. ಅದ್ರಲ್ಲಿ ಸ್ವಲ್ಪ ಈ ಹುಡುಗಿ ಕೊಳವೆಗೆ ಬಂದಿದೆ. ಉಳಿದವ್ರಿಗೆ ಹೋಗಿದ್ದು ಒಳ್ಳೇ ಹರಳು."

"ಆ ಬಾಟ್ಲಿ ನೋಡಬಹುದಾ?"

"ಖಾಲಿ ಆಯ್ತು ಸಾರ್, ತೊಳೆದಿಟ್ಟೆ."

ಪರೀಕ್ಷಕರಿಗೆ ಸಂಜೆಯ ಬಸ್ಸು ಹಿಡಿಯಬೇಕಿತ್ತು. ಅತ್ತೆಯರ ಕಾಟ ಕೆಮಿಸ್ಟ್ರಿಗೂ ಬಂತಲ್ಲ ಎಂದು ನಕ್ಕು, ನನಗೂ ಅಂಕ ಹಾಕಿ, ಏಳು ಬರೆದವರಿಗೂ ಅಂಕ ಹಾಕಿ, ಎದ್ದರು. ಎಲ್ಲರೂ ಪಾಸು. ಜೂನ್‌ನಲ್ಲಿ ನಾನು ಗುಬ್ಬಿಯ ಸ್ಕೂಲಿಗೆ ಸೇರಿದೆ, ಅಪ್ಪ ರೈಲ್ವೆ ಮನೆ ಬಿಟ್ಟು ಅಲ್ಲೇ ಪೇಟೆಯ ಹಿಂದೆ ಬಾಡಿಗೆಗೆ ಬಂದರು. ಕೋರದ ಹುಡುಗ ತುಮಕೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾದ. ಕೆಲವು ವರ್ಷದ ಮೇಲೆ ಅವರ ಮನೆಯವರೇ ನಮ್ಮ ಮನೆಗೆ ಹೆಣ್ಣು ಕೇಳಿಕೊಂಡು ಬಂದರು. ಹೆಣ್ಣು ನೋಡಲು ಬಂದ ದಿನ ಆ ಮಹಾಶಯರು ಎಲ್ಲರೆದುರು ಕೇಳಿದ ಮೊದಲ ಪ್ರಶ್ನೆ, ಒಂದು ನೀರು ಎಲ್ಲಿ ಹೋಯಿತು ಎಂದು. ನಮ್ಮಮ್ಮ ಗಾಬರಿಯಾಗಿ ಕುಡಿಯುವ ನೀರಿನ ಇನ್ನೊಂದು ಲೋಟ ತಂದಿಟ್ಟರು.

ಅಲ್ಲಿಂದ ಶುರುವಾದದ್ದು ನಮ್ಮ ಮನೆಯಲ್ಲಿ ನಿಂತೇ ಇಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ, "ಸರಿಯಾಗಿ ತೊಳೀಲಿಲ್ವೇನೇ?" ಹಾಲು ಕಡಿಮೆ ಕಂಡರೆ, "ಒಂದು ನೀರು ಎಲ್ಲಿ ಹೋಯ್ತೇ?" ನಾನು ಯಾವುದಾದರೂ ವಿಷಯ ಖಂಡಿತವಾಗಿ ಹೇಳಿದರೆ, "ನೀನು ಬಿಡಮ್ಮ, ಅತ್ತೆ ಪಾಸ್ ಮಾಡಿಸಿದ ಕೇಸು." ಅವರ ವಾದ ಸರಳ. ಮೇಡಂಗೆ ನನ್ನ ಮೇಲೆ ಕನಿಕರ, ಅದಕ್ಕೆ ಅತ್ತೆಯ ಕಥೆ ಕಟ್ಟಿದರು. ಬಾಟಲಿಯೂ ಇಲ್ಲ, ಮೊರವೂ ಇಲ್ಲ. ನಾನು ಸರಿಯಾಗಿ ತೊಳೆಯದೆ ಆರು ಬರಿಸಿಕೊಂಡೆ. ಒಂದೊಂದು ದಿನ ಧಾರಾಳವಾಗಿ, "ಇಲ್ಲ ಬಿಡು, ನಿನ್ ಬಾಟ್ಲೀನೇ ಬೇರೆ ಇದ್ದಿರ್ಬೋದು. ನಂದಂತೂ ಕಲ್ಲುಸಕ್ಕರೆ ಹಂಗೆ ಹೊಳೀತಿತ್ತು ಕಣೇ" ಎನ್ನುತ್ತಿದ್ದರು.

ಇದರಲ್ಲಿ ನಗುವುದಕ್ಕೇನಿದೆಯೋ ಅವರು ನಕ್ಕರು. ನನಗೆ ಮಾತ್ರ ಒಳಗೊಳಗೇ ಅದು ಕೊರೆಯುತ್ತಿತ್ತು. ನಾನು ಮಕ್ಕಳಿಗೆ ಸೈನ್ಸ್ ಹೇಳಿಕೊಡುವವಳು. ಮೈಲುತುತ್ತ ಕಾಯಿಸಿ ನೀಲಿ ಹೋಗಿ ಬಿಳಿಯಾಗುವುದನ್ನು ತೋರಿಸುತ್ತ, ನೀರು ಹೋಯಿತು ನೋಡಿ ಎಂದು ಹೇಳುವಾಗೆಲ್ಲ ನನ್ನ ಆ ಆರು ನೆನಪಾಗುತ್ತಿತ್ತು. ನನ್ನ ಕೈ ಸರಿಯಿತ್ತೋ, ಮೇಡಂ ಬಾಯಿ ನನ್ನನ್ನು ಉಳಿಸಿತೋ? ಕೈ ಸರಿಯಿದ್ದರೆ ನಾನು ಈ ಕೆಲಸಕ್ಕೆ ಲಾಯಕ್ಕು. ಇಲ್ಲವಾದರೆ ಒಬ್ಬರ ಸುಳ್ಳಿನ ಮೇಲೆ ಕೂತು ಸಂಬಳ ತಿನ್ನುತ್ತಿದ್ದೇನೆ. ಇಷ್ಟು ದೊಡ್ಡ 'ಇಲ್ಲವಾದರೆ'ಯನ್ನು ಇಟ್ಟುಕೊಂಡು ಎಷ್ಟು ವರ್ಷ ಬೋರ್ಡಿನ ಮುಂದೆ ನಿಲ್ಲುವುದು?

ಒಮ್ಮೆ ಕೇಳಿಯೇಬಿಟ್ಟೆ. ಮೇಡಂ ನಿವೃತ್ತರಾಗುವುದಕ್ಕೆ ಸ್ವಲ್ಪ ಮೊದಲು, ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕುಣಿಗಲ್ ಬಸ್ಸಿಗೆ ಕಾಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಸೆರಗಿನಲ್ಲಿ ಹೊಲಿಗೆ ಇನ್ನೂ ಹಾಗೇ ಇತ್ತು. ಕೆಲಸ, ಗಂಡ, ಮಗು ಎಲ್ಲ ವಿಚಾರಿಸಿದ ಮೇಲೆ ಕೇಳಿದೆ.

"ಮೇಡಂ, ಅವತ್ತು ನಿಜವಾಗ್ಲೂ ಎರಡು ಬಾಟ್ಲಿ ಇತ್ತಾ?"

ಅವರು ಬಸ್ಸಿನ ಬೋರ್ಡುಗಳನ್ನು ಓದುವುದು ಬಿಟ್ಟು ನನ್ನ ಕಡೆ ತಿರುಗಿದರು.

"ಇರಬೋದು ಕಣಮ್ಮ," ಎಂದರು. ಆಮೇಲೆ, "ನೀನು ಅವತ್ತು ಪ್ರೆಸಿಪಿಟೇಟ್ ಚೆನ್ನಾಗಿ ತೊಳೆದಿದ್ಯಾ?"

"ತೊಳೆದಿದ್ದೆ ಅನ್ಸುತ್ತೆ ಮೇಡಂ."

"ಅನ್ಸುತ್ತೆ ಅಂದ್ರೆ?"

"ಗೊತ್ತಿಲ್ಲ ಮೇಡಂ."

"ಹೂಂ," ಎಂದರು. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು, ಮಗುವಿಗೆ ಕಿವಿ ಚುಚ್ಚಿಸಿದ್ದಾಯಿತೇ ಎಂದು ಕೇಳಿದರು. ಬಸ್ಸು ಹೋದ ಮೇಲೆ ನಾನು ಅಲ್ಲೇ ನಿಂತು ಯೋಚಿಸಿದೆ. ತೊಳೆದಿದ್ಯಾ ಎಂದು ಕೇಳಿದರೆಂದರೆ ನಾನು ತೊಳೆದಿರಲಿಲ್ಲ ಎಂದೇ ಅರ್ಥ. ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆ. ಮನೆಗೆ ಬಂದು ಗಂಡನಿಗೆ ಹೇಳಲಿಲ್ಲ, ಹೇಳಿದ್ದರೆ ಆ ವಾರವೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ನಿವೃತ್ತರಾದ ಮೇಲೆ ಮೇಡಂ ಹೆಚ್ಚು ದಿನ ಇರಲಿಲ್ಲ. ಸುದ್ದಿ ನನಗೆ ತಡವಾಗಿ ತಿಳಿಯಿತು. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಕುಣಿಗಲ್ಲಿಗೆ ಹೊರಟೆ. ಹೊರಡುವಾಗ ನಮ್ಮ ಮನೆಯವರು, "ಮೇಡಂ ಅತ್ತೆ ಇನ್ನೂ ಇದಾರಲ್ಲ, ಮೊರ ಇತ್ತಾ ಅಂತ ಕೇಳ್ಕೊಂಡ್ ಬಾ" ಎಂದರು. ತಮಾಷೆಗೆ ಅಂದದ್ದೇ.

ಕೆರೆಯ ಏರಿಯ ಕಡೆಯಿಂದ ಒಳಗೆ ಹೋಗುವ ಬೀದಿಯಲ್ಲಿ ಮನೆ. ಮೇಡಂ ಇಲ್ಲದ ಆ ಮನೆಯಲ್ಲಿ ಮೈದುನನ ಸಂಸಾರ ಬಂದು ಸೇರಿಕೊಂಡಿತ್ತು, ಮಕ್ಕಳ ಗಲಾಟೆ ಬೀದಿಗೇ ಕೇಳುತ್ತಿತ್ತು. ಅತ್ತೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಸಣಕಲು ಹೆಂಗಸು, ಬೆರಳು ಮಾತ್ರ ಚುರುಕು. ನಾನು ಯಾರು ಎಂದು ಹೇಳಿದೆ. ಕೂತ್ಕೋ ಮಗ ಎಂದು ಒಂದು ರಾಶಿ ಕಾಯಿಯನ್ನು ನನ್ನ ಮುಂದೂ ತಳ್ಳಿದರು. ಸೊಸೆಯ ವಿಷಯ ಸ್ವಲ್ಪ ಹೇಳಿದರು, ಸ್ವಲ್ಪ ಅತ್ತರು, ಮತ್ತೆ ಸುಲಿದರು.

"ಮೂವತ್ ವರ್ಸದ ಮ್ಯಾಲಾಯ್ತು ಕಣವ್ವ, ನಾವಿಬ್ರೇ ಇದ್ದಿದ್ದು. ಒಂದ್ ದಿನ ನಂಗೆ ಎದುರಾಡ್ಲಿಲ್ಲ. ಒಂದೊಂದ್ ಸಲ ನಂಗೇ ಸಿಟ್ ಬರೋದು, ಒಂದ್ ಮಾತಾದ್ರೂ ಅನ್ಬಾರ್ದಾ ಇವ್ಳು ಅಂತ."

ಆಗ ನಾನು ಕೇಳಿದೆ. "ಅಜ್ಜಿ, ಒಂದ್ಸಲ ನೀವು ಮೇಡಂದು ಉಪ್ಪು ಬಿಸಿಲಿಗೆ ಹಾಕಿದ್ರಂತೆ, ಹೌದಾ?"

ಅವರ ಕೈ ನಿಂತಿತು. "ಅಯ್ಯೋ, ಅದನ್ನ ನಿಮ್ಗೆಲ್ಲ ಹೇಳವ್ಳಾ?"

ಹಾಗಾದರೆ ಅತ್ತೆಯ ಕಥೆ ಕಟ್ಟುಕಥೆಯಲ್ಲ.

"ನಂಗೇನ್ ಗೊತ್ತವ್ವ," ಎಂದರು ಅಜ್ಜಿ. "ಅಡಿಗೆಮನೆ ಮೂಲೇಲಿ ಕತ್ಲಲ್ಲಿ ಪೇಪರ್ ಮ್ಯಾಲೆ ಕಲ್ಲುಪ್ಪಿನಂಗೆ ಹರಡಿದ್ಳು. ತ್ಯಾವ ತ್ಯಾವ ಇತ್ತು. ನೆಳ್ಳಲ್ಲಿ ಯಾವತ್ತಾರಾ ಉಪ್ಪು ಒಣಗ್ತದಾ? ಓದ್ದೋರ್ಗೆ ಇಷ್ಟೂ ತಿಳೀದಲ್ಲ ಅಂದ್ಕಂಡು, ಮಾಳಿಗೆ ಮ್ಯಾಲೆ ಸಂಡಿಗೆ ಇಟ್ಟಿದ್ನಲ್ಲ, ಅದ್ರ ಪಕ್ದಾಗೆ ಹಳೇ ಪಂಚೆ ಹಾಸಿ ಒಣಗಾಕ್ದೆ. ಸಾಯಂಕಾಲ ನೋಡಿದ್ರೆ ಹೊಳಪೆಲ್ಲ ಹೋಗಿ ಬೆಳ್ಳಗೆ ಹಿಟ್ಟಾಗ್ಬುಟ್ಟದೆ. ಹೆದ್ರಿಕಂಡು ಬಾಟ್ಲಿಗೆ ತುಂಬಿ ಇಟ್ಬುಟ್ಟೆ."

"ಎಷ್ಟು ಒಣಗಿಸಿದ್ರಿ ಅಜ್ಜಿ? ಅರ್ಧಾನಾ?"

"ಅರ್ಧ ಯಾಕೆ?" ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಒಣಗಾಕೋರು ಅರ್ಧ ಒಣಗಾಕಿ ಅರ್ಧ ತ್ಯಾವಕ್ಕೆ ಬುಡ್ತಾರಾ? ಎಲ್ಲಾನೂ ಹಾಕ್ದೆ. ಒಂದ್ ಚೂರೂ ಬುಡ್ಲಿಲ್ಲ."

"ಮೇಡಂಗೆ ಹೇಳಿದ್ರಾ?"

"ಬೆಳಿಗ್ಗೆ ಬಸ್ಸಿಗೆ ಹೊರಟಾಗ ಹೇಳ್ದೆ. ಬಾಟ್ಲಿ ಬೆಳಕಿಗೆ ಹಿಡ್ದು ನೋಡಿದ್ಳು. 'ಚೆನ್ನಾಗ್ ಒಣಗಿದೆ ಅತ್ತೆ' ಅಂದ್ಳು. ಬ್ಯಾಗಿಗೆ ಹಾಕ್ಕಂಡು ಹೋದ್ಳು."

ಸುಲಿದ ಕಾಳು ಯಾವುದು, ಸಿಪ್ಪೆ ಯಾವುದು ಎಂದು ನನಗೆ ಆಮೇಲೆ ತಿಳಿಯಲಿಲ್ಲ, ಎರಡನ್ನೂ ಒಂದೇ ಮೊರಕ್ಕೆ ಹಾಕುತ್ತಿದ್ದೆ. ಅಜ್ಜಿ ಏನೂ ಅನ್ನದೆ ಆರಿಸಿ ತೆಗೆಯುತ್ತಿದ್ದರು. ಹೊರಡುವಾಗ ಒಂದು ಚೀಲ ಅವರೆಕಾಯಿ ಕೊಟ್ಟು, ಗಂಡನಿಗೆ ಇದುಕಿದ ಬೇಳೆ ಸಾರು ಮಾಡಿ ಹಾಕು ಎಂದರು.

ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತೆ. ಎಲ್ಲವೂ ಒಣಗಿದ್ದರೆ ಎಲ್ಲರ ಕೊಳವೆಯಲ್ಲಿದ್ದದ್ದೂ ಆರೇ. ನನ್ನ ಕೈ ಸರಿಯಿತ್ತು. ಆ ಲ್ಯಾಬಿನಲ್ಲಿ ಅವತ್ತು ಸರಿಯಿದ್ದದ್ದು ನನ್ನ ಕೈ ಒಂದೇ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ, ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಮ್ಮ ಎಂದು ಕೇಳುವಷ್ಟು ಅಳು ಬಂತು. ಹೆಬ್ಬೂರು ದಾಟುವ ಹೊತ್ತಿಗೆ ಆ ಖುಷಿ ಸಿಟ್ಟಾಯಿತು. ಇಷ್ಟು ವರ್ಷ ನಾನು ಮೇಡಂ ದಯೆಯಿಂದ ಉಳಿದವಳು ಎಂದು ತಲೆ ತಗ್ಗಿಸಿಕೊಂಡಿದ್ದೆನಲ್ಲ, ಮೇಡಂ ಅವತ್ತು ಉಳಿಸಿದ್ದು ನನ್ನನ್ನಲ್ಲವೇ ಅಲ್ಲ. ನನ್ನ ಪಾಲಿಗೆ ಅವರು ಹೇಳಿದ್ದು ಬರೀ ನಿಜ. ಸುಳ್ಳು ಹೇಳಿದ್ದು ಏಳು ಬರೆದವರಿಗೋಸ್ಕರ. ಆ ಸುಳ್ಳಿಲ್ಲದಿದ್ದರೆ ಅವರೆಲ್ಲರ ಕಾಗದದ ಮೇಲೆ ಕೆಂಪು ಪೆನ್ನು ಓಡುತ್ತಿತ್ತು. ಅವರಲ್ಲೊಬ್ಬ ಬ್ಯಾಂಕು ಸೇರುತ್ತಿರಲಿಲ್ಲ, ನಮ್ಮ ಮನೆಗೆ ಹೆಣ್ಣು ಕೇಳಿಕೊಂಡು ಬರುತ್ತಿರಲಿಲ್ಲ.

ಹಾಗಾದರೆ ಬೆಳಿಗ್ಗೆಯೇ ಗೊತ್ತಿದ್ದೂ ಆ ಉಪ್ಪನ್ನು ಯಾಕೆ ತಂದರು? ಬೇರೆ ಇರಲಿಲ್ಲ, ನಿಜ. ಪರೀಕ್ಷಕರಿಗೆ ಮೊದಲೇ ಹೇಳಬಹುದಿತ್ತು. ಎಲ್ಲರಿಗೂ ಆರು ಬರುತ್ತದೆ, ಆಮೇಲೆ ಅತ್ತೆಯ ವಿಷಯ ಹೇಳಿದರಾಯಿತು ಎಂದುಕೊಂಡಿದ್ದರೇ? ಇಡೀ ಲ್ಯಾಬು ಏಳು ಬರೆದೀತು ಎಂದು ಅವರಿಗೆ ಹೊಳೆಯಲೇ ಇಲ್ಲವೇ? ಅಥವಾ ಹೊಳೆದೇ ತಂದರೇ? ಬಸ್‌ಸ್ಟ್ಯಾಂಡಿನಲ್ಲಿ ತೊಳೆದಿದ್ಯಾ ಎಂದು ಕೇಳಿದ್ದು ಯಾಕೆ? ತೊಳೆದಿದ್ದೆ ಎಂದು ನಾನು ಗಟ್ಟಿಯಾಗಿ ಹೇಳಿದ್ದರೆ ಅವರು ಮಿಕ್ಕದ್ದನ್ನು ಹೇಳುವವರಿದ್ದರೋ ಏನೋ. ತುಮಕೂರು ಬಂದರೂ ನನಗೆ ಏನೂ ಬಗೆಹರಿಯಲಿಲ್ಲ. ಒಂದನ್ನು ಮಾತ್ರ ನಿರ್ಧರಿಸಿದ್ದೆ. ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೇಳಿಬಿಡಬೇಕು, ಏನ್ರೀ, ಆ ಒಂದು ನೀರು ನಿಮ್ಮ ಕೊಳವೆಯಲ್ಲೂ ಇರಲಿಲ್ಲ ಕಣ್ರೀ ಎಂದು. ಇಷ್ಟು ವರ್ಷದ್ದನ್ನು ಬಡ್ಡಿ ಸಮೇತ ತೀರಿಸಬೇಕು.

ಅವರು ವರಾಂಡದಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದರು. ನನ್ನನ್ನು ಕಂಡು, "ಹೋಗ್ಬಂದ್ಯಾ? ಏನಂತೆ, ಅಜ್ಜಿ ಒಣಗಿಸಿದ್ದು ನಿಜಾನಾ?" ಎಂದು ನಗುತ್ತಾ ಕೇಳಿದರು.

"ನಿಜ," ಎಂದೆ.

ಅವರ ನಗು ಹೋಯಿತು. ಅಷ್ಟು ಬೇಗ ಹೋಗಬಹುದೆಂದು ನಾನು ಎಣಿಸಿರಲಿಲ್ಲ. ಕೈ ಚಾಚಿ ಟ್ರಾನ್ಸಿಸ್ಟರಿನ ದನಿ ಸಣ್ಣಗೆ ಮಾಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಮಾತಿಗಾಗಿ ಕಾಮೆಂಟರಿ ಸಣ್ಣಗಾದದ್ದು ಅದೇ ಮೊದಲು.

"ಅರ್ಧಾನೇ ತಾನೇ ಒಣಗಿಸಿದ್ದು?" ಎಂದರು. "ಅವತ್ತು ಮೇಡಂ ಹೇಳಿದ್ರಲ್ಲ. ಅರ್ಧ ಅಷ್ಟೇ. ಅಲ್ವಾ?"

ಕಲ್ಲುಸಕ್ಕರೆಯಂತೆ ಹೊಳೆಯುತ್ತಿತ್ತು ಎಂದು ಇಷ್ಟು ವರ್ಷ ಹೇಳುತ್ತಾ ಬಂದವರ ಮುಖವನ್ನು ನೋಡಿದೆ. ಆ ಲ್ಯಾಬಿನಲ್ಲಿ ಅವತ್ತು ನೆಲ ನೋಡುತ್ತಿದ್ದ ಹುಡುಗನ ಮುಖವೇ.

"ಇರಬೋದು," ಎಂದೆ. ಅವರೆಕಾಯಿ ಚೀಲ ತೆಗೆದುಕೊಂಡು ಒಳಗೆ ಹೋದೆ.